ಸುಖಾಗಮನ ಬಯಸುವವರು

ಮಗಳ ಲಗ್ನಪತ್ರಿಕೆ ನಾಳೆ ಪ್ರೆಸ್ಸಿಗೆ ಹೋಗಬೇಕು. ‘ಸುಖಾಗಮನ ಬಯಸುವವರು’ ಅನ್ನುವಲ್ಲಿಗೆ ಬಂದಾಗಲೆಲ್ಲ ಟೈಪಿಂಗ್ ಪ್ರೋಗ್ರಾಂ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕೊನೆಗೆ ರಿಪೇರಿಯ ರುದ್ರಮುನಿಯನ್ನು ಕರೆಸಿದೆ.

ಅವನು ಕೀಲಿಮಣೆ ಮುಟ್ಟಲಿಲ್ಲ, ಅಲ್ಲಿ ಹಾಕಲೆಂದು ನಾನು ಚೀಟಿಯಲ್ಲಿ ಬರೆದಿಟ್ಟಿದ್ದ ಹೆಸರುಗಳನ್ನಷ್ಟೇ ಓದಿದ.

“ಈ ಪ್ರೋಗ್ರಾಂ ಮನೇಲಿ ಎಷ್ಟು ವರ್ಷದಿಂದ ಇದೆ ಸರ್?”

“ಮಗಳು ಒಂದನೇ ಕ್ಲಾಸಲ್ಲಿದ್ದಾಗಿಂದ. ಅವಳ ಹೋಮ್‌ವರ್ಕೆಲ್ಲ ತಿದ್ದಿದ್ದು ಇದೇ.”

“ಮತ್ತೆ ಇದರ ಹೆಸರೆಲ್ಲಿ?”

ವರ್ಷಕ್ಕೊಮ್ಮೆ ಮುಖ ತೋರಿಸುವ ಷಡ್ಡಕನ ಹೆಸರಿತ್ತು, ಇದರದಿರಲಿಲ್ಲ. ಹಲ್ಲು ಕಚ್ಚಿಕೊಂಡು ಸೋದರಮಾವನ ಕೆಳಗೆ ಸೇರಿಸಿದೆ. ಮತ್ತೆ ಮುಚ್ಚಿಕೊಂಡಿತು. ಸೋದರಮಾವನ ಮೇಲೆ ಹಾಕಿದೆ. ಪತ್ರಿಕೆ ಸಲೀಸಾಗಿ ಸೇವ್ ಆಯಿತು.

ರುದ್ರಮುನಿ ಚಪ್ಪಲಿ ಮೆಟ್ಟುವಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿ ಕೂಗಿದಳು: “ರೀ, ಅವರನ್ನ ಸ್ವಲ್ಪ ನಿಲ್ಲೋಕೆ ಹೇಳಿ. ಮಿಕ್ಸಿ ತಿರುಗ್ತಿಲ್ಲ. ಫ್ರಿಜ್ಜಂತೂ ಬಾಗಿಲೇ ತೆಗೀತಿಲ್ಲ.”