ನೀಲಮ್ಮನ ಬಾಡಿಗೆ ದನಿ

ಅಂಗಡಿಕಾರರ ಪರವಾಗಿ ಫೋನಿನಲ್ಲಿ ಮಾತಾಡುವ ದನಿಗಳನ್ನು ಬಾಡಿಗೆಗೆ ಕೊಡುತ್ತಿದ್ದ ಕಂಪನಿ ಆ ಸಂಜೆ ಬಾಗಿಲು ಹಾಕುವುದಿತ್ತು. ಗದಗಿನ ಸೀರೆ ಅಂಗಡಿಯ ನೀಲಮ್ಮ ತನ್ನ ದನಿ ಏನು ಮಾತಾಡುತ್ತದೆಂದು ಮೊದಲ ಸಲ ಕೂತು ಕೇಳಿದಳು.

ಕಂಪನಿ ಶುರುವಾದಾಗ ಆ ದನಿಗೆ ‘ಸ್ವಲ್ಪ ತಡೀರಿ’ ಅನ್ನುವುದಷ್ಟೇ ಬರುತ್ತಿತ್ತು. ಆಮೇಲೆ ಚೌಕಾಸಿ ಕಲಿಯಿತು, ಸುಖದುಃಖ ವಿಚಾರಿಸುವುದನ್ನೂ ಕಲಿಯಿತು. ಗಂಟಲು ಉಳಿಯಿತೆಂದು ಪೇಟೆಗೆ ಪೇಟೆಯೇ ಹಿಗ್ಗಿತ್ತು. ಈಗ ಬಂದ ಯಂತ್ರಗಳು ಮಾತೇ ಇಲ್ಲದೆ ವ್ಯಾಪಾರ ಮುಗಿಸುತ್ತಿದ್ದವು. ದನಿ ಯಾರಿಗೂ ಬೇಡವಾಗಿತ್ತು.

“ಊಟ ಆತೇನ್ರಿ ಮುರಗೆಪ್ಪಣ್ಣಾರ? ಮಮ್ಮಗಳು ಹ್ಯಾಂಗದಾಳ್ರಿ?”

ನೀಲಮ್ಮ ಹರೆಯದಲ್ಲಿ ಕಂಪನಿಗೆ ಕೊಟ್ಟಿದ್ದ ದನಿ, ಒಂದಿಷ್ಟೂ ಮಾಸದೆ, ಇಳಕಲ್ಲಿನ ನೇಕಾರನನ್ನು ಕೇಳುತ್ತಿತ್ತು. ಬಾಡಿಗೆ ದನಿ ಪಡೆಯದ ಮುರಗೆಪ್ಪ ಇಷ್ಟು ವರ್ಷವೂ ತಾನೇ ಮಾತಾಡಿದ್ದ. ಅವನಿಗೆ ಮಗಳಿದ್ದಾಳೆಂಬುದೂ ನೀಲಮ್ಮನಿಗೆ ಗೊತ್ತಿರಲಿಲ್ಲ.

“ಆರಾಮ ಅದಾಳ್ರಿ ಅಕ್ಕಾರ. ಕೂಸಿಗೆ ನಿಮ್ಮ ಹೆಸರ ಇಡೂಣು ಅಂತ ನನ್ನ ಮಗಳು ಹಟ ಹಿಡದಾಳ. ನೀವು ಏನಂತೀರಿ?”

ದನಿ ಉತ್ತರಿಸಲಿಲ್ಲ. ಕಂಪನಿ ಮುಚ್ಚಿತ್ತು, ಕರೆ ಕಡಿದುಹೋಗಿತ್ತು.

ಮತ್ತೆ ಫೋನು ಬಂತು. ಈ ಸಲ ನೀಲಮ್ಮನೇ ಎತ್ತಿದಳು. ಬಳಸದೆ ತುಕ್ಕು ಹಿಡಿದಂತಿದ್ದ ಗಂಟಲಿನಿಂದ, “ಮುರಗೆಪ್ಪಣ್ಣಾರ...” ಅಂದಳು.

“ಯಾರ್ರಿ ತಾಯಿ? ಸ್ವಲ್ಪ ನೀಲಮ್ಮಕ್ಕಾರಿಗೆ ಕೊಡ್ರಿ. ಮಾತು ಅರ್ಧಕ್ಕ ನಿಂತೈತಿ.”

ನೀಲಮ್ಮ ಫೋನನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು:

“ಅವರಿನ್ನ ಬರಂಗಿಲ್ರಿ. ಕೂಸಿಗೆ ಅವರ ಹೆಸರ ಇಡ್ರಿ.”