ಬೀಗ ಹಾಕಿದ ಹಾಸ್ಟೆಲಿನಲ್ಲಿ ಒಬ್ಬಳು

ಕೊರೋನಾ ಕಾಲದ ಮಾತು ಇದು... ಪೂರ್ತಿ ಓದುವವರೆಗೂ ಯಾರ ಮೇಲೂ ಸಿಟ್ಟಾಗಬೇಡಿ.

ಉತ್ತರ ಕರ್ನಾಟಕದ ಒಂದು ಯೂನಿವರ್ಸಿಟಿ. ಕ್ಯಾಂಪಸ್ಸಿಗೆ ಬೀಗ ಬಿದ್ದು ತಿಂಗಳುಗಳೇ ಕಳೆದಿದ್ದವು. ವಿದ್ಯಾರ್ಥಿಗಳೆಲ್ಲ ತಮ್ಮ ತಮ್ಮ ಊರು ಸೇರಿದ್ದರು.

ನೀಲಾಂಬಿಕಾ ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಹೋಗುವುದಾದರೂ ಎಲ್ಲಿಗೆ? ಬೆಳೆದದ್ದು ಅನಾಥಾಶ್ರಮದಲ್ಲಿ. ಹದಿನೆಂಟು ತುಂಬಿದ ಮೇಲೆ ಅಲ್ಲೂ ಜಾಗವಿಲ್ಲ...

ವಿದ್ಯಾರ್ಥಿನಿಯರ ಪರವಾಗಿ ಮೆಸ್ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಅವಳ ಹತ್ತಿರ ಲೇಡೀಸ್ ಹಾಸ್ಟೆಲಿನ ಹಿಂದಿನ ಬಾಗಿಲಿನ ಕೀಲಿ ಇತ್ತು. ಯಾರಿಗೂ ಹೇಳದೆ ಒಳಗೇ ಉಳಿದುಬಿಟ್ಟಳು. ವಾರಕ್ಕೊಮ್ಮೆ ಕತ್ತಲಾದ ಮೇಲೆ ಹೊರಬಿದ್ದು ಅಂಗಡಿಯಿಂದ ದಿನಸಿ ತರುತ್ತಿದ್ದಳು.

ಗೊತ್ತಾದರೆ ಹೊರಗೆ ಹಾಕುತ್ತಾರೆ ಎಂಬ ಭಯ. ಲೈಟ್ ಹಾಕುವಂತಿಲ್ಲ, ಕಿಟಕಿ ತೆರೆಯುವಂತಿಲ್ಲ. ತನ್ನ ದನಿ ಹೇಗಿತ್ತು ಎನ್ನುವುದೇ ಮರೆತುಹೋಗುವಷ್ಟು ಒಂಟಿತನ...

ಇದ್ದದ್ದು ಒಂದೇ ಆಸೆ. ಸೋಮವಾರ ಕ್ಯಾಂಪಸ್ ಶುರುವಾಗುತ್ತದೆ, ಗೆಳತಿಯರು ಬರುತ್ತಾರೆ!

ಆದರೆ ಅದಕ್ಕೊಂದು ಷರತ್ತು. ಸೋಂಕು ಇದ್ದವರ ಟಾಯ್ಲೆಟ್ ನೀರಿನಲ್ಲಿ ವೈರಸ್ಸಿನ ಗುರುತು ಸಿಗುತ್ತದೆ. ಅದಕ್ಕೇ ಯೂನಿವರ್ಸಿಟಿಯ ವಿಜ್ಞಾನಿಗಳು ಪ್ರತಿ ಕಟ್ಟಡದ ಗಟಾರದ ನೀರು ಪರೀಕ್ಷೆ ಮಾಡಿ, ಎಲ್ಲ ಸರಿಯಿದೆ ಎನ್ನಬೇಕಿತ್ತು.

ಆ ವಿಜ್ಞಾನಿಗಳ ಮುಂದಾಳು ಡಾ. ವತ್ಸಲಾ ಕುಲಗೋಡ. ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿನಲ್ಲಿ ಅವರಿಗೆ ಇಟ್ಟ ಹೆಸರು "ಗಟಾರ ಮೇಡಂ". ಅದಕ್ಕೆ ನಗುವ ಇಮೋಜಿ ಹಾಕಿದವರಲ್ಲಿ ನೀಲಾಂಬಿಕಾಳೂ ಒಬ್ಬಳು.

ಗುರುವಾರ ಅವಳಿಗೆ ಜ್ವರ ಬಂತು. ಶನಿವಾರದ ಹೊತ್ತಿಗೆ ಎದ್ದು ನೀರು ಕುಡಿಯಲೂ ಆಗದಷ್ಟು ಸುಸ್ತು. ಅದೇ ಮಧ್ಯಾಹ್ನ ಗ್ರೂಪಿನಲ್ಲಿ ಸುದ್ದಿ ಬಿತ್ತು...

"ಸೋಮವಾರ ಓಪನ್ ಇಲ್ಲ! ಲೇಡೀಸ್ ಹಾಸ್ಟೆಲ್ ಗಟಾರದಾಗ ಕೊರೋನಾ ಸಿಕ್ಕೈತಂತ!"

"ಬೀಗ ಹಾಕಿದ ಹಾಸ್ಟೆಲಿನಾಗ? ದೆವ್ವಕ್ಕ ಕೊರೋನಾ ಬಂದೈತೇನ್ಲೇ?"

"ಮಷೀನೂ ಕೆಟ್ಟೈತಿ, ಮೇಡಂ ತಲಿನೂ ಕೆಟ್ಟೈತಿ. ನಮ್ಮ ವರ್ಷ ಹಾಳ ಮಾಡಾಕ ಕುಂತಾರ!"

ಆ ದೆವ್ವ ಯಾರೆಂದು ನೀಲಾಂಬಿಕಾಳೊಬ್ಬಳಿಗೇ ಗೊತ್ತಿತ್ತು.

ಅಷ್ಟರಲ್ಲಿ ಕೆಳಗೆ ಬೀಗ ತೆಗೆದ ಸದ್ದು. ಯಾರೋ ಒಂದೊಂದೇ ರೂಮಿನ ಬಾಗಿಲು ಬಡಿಯುತ್ತ ಮೇಲೆ ಬಂದರು. ಅವಳು ಉಸಿರು ಬಿಗಿಹಿಡಿದು ಹೊದಿಕೆಯೊಳಗೆ ಮುದುಡಿದಳು. ಆದರೆ ಕೆಮ್ಮು ತಡೆಯಲಾಗಲಿಲ್ಲ...

ಬಾಗಿಲು ತೆರೆಯಿತು. ಮಾಸ್ಕ್ ಹಾಕಿದ ಕುಲಗೋಡ ಮೇಡಂ ನಿಂತಿದ್ದರು.

"ಮೇಡಂ... ನನ್ನ ಹೊರಗ ಹಾಕಬ್ಯಾಡ್ರಿ. ನನಗ ಹೋಗಾಕ ಮನಿ ಇಲ್ರಿ..."

ಮೇಡಂ ಬೈಯಲಿಲ್ಲ. ಹೊಸ್ತಿಲ ಮೇಲೆ ಕುಸಿದು ಕುಳಿತರು.

"ಮುಂಜಾನಿಂದ ದೊಡ್ಡದೊಡ್ಡವರೆಲ್ಲ ಹೇಳಿದ್ರವಾ. ಖಾಲಿ ಹಾಸ್ಟೆಲ್ ಅದು, ಮಷೀನ್ ತಪ್ಪು ಅಂತ ಬರದ ಕೊಡ್ರಿ, ಮುಗಿಸೋಣು ಅಂತ."

"ಹಂಗs ಬರದ ಕೊಡಬೇಕಿತ್ತಲ್ರಿ ಮೇಡಂ... ಎಲ್ಲಾರೂ ನಿಮಗ ಬೈಯಾಕತ್ತಾರ."

"ಬರದ ಕೊಟ್ಟಿದ್ರ, ನೀ ಇಲ್ಲೆ ಒಬ್ಬಾಕಿನs ಇರ್ತಿದ್ದೆಲ್ಲವಾ..."

ಮೇಡಂ ಕರೆದೊಯ್ದ ಆಸ್ಪತ್ರೆಯಲ್ಲಿ ನರ್ಸ್ ಕೇಳಿದಳು. "ಪೇಷಂಟ್ ಕಡೆಯವ್ರು ಯಾರ್ರಿ?"

ನೀಲಾಂಬಿಕಾ ತಲೆ ತಗ್ಗಿಸಿದಳು. ಶಾಲೆಯಲ್ಲಿ, ಕಾಲೇಜಿನಲ್ಲಿ, ಎಲ್ಲ ಕಡೆ ಕೇಳಿದ್ದು ಇದೇ ಪ್ರಶ್ನೆ. ಯಾರೂ ಇಲ್ರಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಮೇಡಂ ದನಿ ಬಂತು...

"ನಾ ಅದೀನಿ. ಏನ ಬೇಕೋ ನನಗ ಕೇಳ್ರಿ."

ಅವಳು ಗೋಡೆಯ ಕಡೆ ತಿರುಗಿ ಅತ್ತುಬಿಟ್ಟಳು.

ಗ್ರೂಪಿನಲ್ಲಿ ಬೈಗುಳ ಇನ್ನೂ ನಿಂತಿರಲಿಲ್ಲ. ಮೇಡಂ ಅವಳ ಹೆಸರನ್ನು ವಿದ್ಯಾರ್ಥಿಗಳ ಕಿವಿಗೆ ಬೀಳಗೊಟ್ಟಿರಲಿಲ್ಲ.

ಇನ್ನು ಸುಮ್ಮನಿರಲು ನೀಲಾಂಬಿಕಾಳಿಂದ ಆಗಲಿಲ್ಲ. ಎಲ್ಲರೂ ತನ್ನ ಮೇಲೆ ತಿರುಗಿಬೀಳಬಹುದು ಎಂದು ಗೊತ್ತಿದ್ದೂ ಟೈಪ್ ಮಾಡಿದಳು.

"ಹಾಸ್ಟೆಲಿನಾಗ ಇದ್ದಾಕಿ ನಾನು. ಎಲ್ಲಾರೂ ಹೋದಾಗಿಂದ ಅಲ್ಲೇ ಇದ್ದೆ. ಮೇಡಂ ನನ್ನ ಹುಡುಕಿ ಉಳಿಸ್ಯಾರ. ಬೈಯೂದಿದ್ರ ನನಗ ಬೈರಿ."

ಬೈಗುಳ ಅಲ್ಲಿಗೇ ನಿಂತಿತು.

ಆಮೇಲೆ ಅವಳ ರೂಮ್‌ಮೇಟ್ ಬರೆದಳು...

"ನೀಲಾ... ದಿನಾ ಈ ಗ್ರೂಪಿನಾಗ ಗುಡ್ ಮಾರ್ನಿಂಗ್ ಹಾಕ್ತಿದ್ವಿ. ನೀ ಎಲ್ಲಿದ್ದಿ ಅಂತ ನಾವು ಒಬ್ರೂ ಕೇಳ್ಲಿಲ್ಲಲ್ಲ..."

*ಎಲ್ಲರಿಗೂ ಬಾಗಿಲು ತೆರೆಯುವ ಮೊದಲು, ಒಳಗೆ ಉಳಿದ ಒಬ್ಬರನ್ನು ಹುಡುಕುವುದೇ ನಿಜವಾದ ವಿದ್ಯೆ.*

ನಿಮ್ಮ ಗ್ರೂಪಿನಲ್ಲೂ ಬಹಳ ದಿನಗಳಿಂದ ಸುಮ್ಮನಿರುವವರು ಒಬ್ಬರು ಇದ್ದೇ ಇರುತ್ತಾರೆ... ಅವರು ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ಕೇಳಿದ್ದೀರಾ?