ಜಗ್ಗಿದ ಸ್ವೆಟರ್

ಗೋವಾದ ಕೊರ್ತಾಲಿಮ್‌ನ ಬಾಡಿಗೆ ಖೋಲಿಯ ಮುಂದೆ, ಹಗ್ಗಕ್ಕೆ ಹಾಕಿದ್ದ ಕೆಂಪು ಅಕ್ರಿಲಿಕ್ ಸ್ವೆಟರ್ ನೀರು ತೊಟ್ಟಿಕ್ಕಿಸುತ್ತ ಕೆಳಕ್ಕೆ ಜೋತುಬೀಳುತ್ತಿತ್ತು. ಅದು ಹೋದ ವರ್ಷ ಜ್ವರ ಬಂದು ತೀರಿಕೊಂಡ, ಮಂಗಲಾಳ ಮಗಳು ರೇಣುವಿನದು. ಪಕ್ಕದ ಖೋಲಿಯ ಬಾಳಮ್ಮನ ಮೊಮ್ಮಗಳಿಗೆ ಕೊಡಲೆಂದು ಮಂಗಲಾ ಈಗಷ್ಟೇ ಒಗೆದು ಹಾಕಿದ್ದಳು.

"ಅಯ್ಯ, ಇದನ್ನ ಹಸೀದು ಹಗ್ಗಕ್ಕ ಹಾಕಬಾರದವ್ವ! ನೀರಿನ ಭಾರಕ್ಕ ಜಗ್ಗತೈತಿ," ಎನ್ನುತ್ತ ಬಾಳಮ್ಮ ಓಡಿ ಬಂದಳು. "ಆಮ್ಯಾಲ ಇಸ್ತ್ರಿ ಹಾಕಿ ಸರಿ ಮಾಡಾಕೂ ಬರೂದಿಲ್ಲ, ಕರಗತೈತಿ. ತಗದು ಚಾಪಿ ಮ್ಯಾಲ ಹಾಸು."

ಮಂಗಲಾ ಕ್ಲಿಪ್ಪಿಗೆ ಕೈ ಹಾಕಿದವಳು ಹಾಗೇ ನಿಂತಳು. ತೋಳುಗಳು ಆಗಲೇ ನಾಲ್ಕು ಬೆರಳು ಉದ್ದವಾಗಿದ್ದವು. ಒಂದರ ತುದಿಯನ್ನು ಮೆಲ್ಲಗೆ ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಇರಲಿ ಬಿಡ ಯವ್ವಾ," ಎಂದಳು. "ಈ ವರ್ಷ ಆಕಿ ಇಷ್ಟು ಬೆಳದಿರತಿದ್ಲು."